ಅಂಟು ತೆಗೆದಾಗ ಬಿದ್ದ ಗುಮ್ಮಟ: ಗೋಳಗುಮ್ಮಟದ ಮಾದರಿ ಕಟ್ಟಿದ ಒಂದು ಪ್ರಕರಣ

ಇದು ಉತ್ತರ ಕರ್ನಾಟಕದ ಒಂದು ಪಾಲಿಟೆಕ್ನಿಕ್‌ನಲ್ಲಿ ಕೆಲವು ವರ್ಷದ ಹಿಂದೆ ನಡೆದದ್ದು. ಕಾಲೇಜಿನ ಹೆಸರು, ಹುಡುಗರ ಹೆಸರು ಬರೆಯುತ್ತಿಲ್ಲ. ಸಿವಿಲ್ ವಿಭಾಗದ ಕೊನೆ ವರ್ಷದ ನಾಲ್ಕು ಜನರ ತಂಡ, ಅವರಿಗೆ ಗೈಡ್ ನಾನು. ಇಲ್ಲಿ ಬರುವ ತಪ್ಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನನ್ನದೇ. ಹಾಗಾಗಿ ಬರೆಯೋಕೆ ಮುಜುಗರ ಏನಿಲ್ಲ.

ನಾಲ್ವರನ್ನ ಗುರುತಿಗೆ ಹೀಗೆ ಕರೆಯುತ್ತೇನೆ. ಒಬ್ಬಳು ಲೀಡರ್. ಇನ್ನೊಬ್ಬ ಗೌಂಡಿಯ ಮಗ, ಅವನ ಅಪ್ಪ ಮೂವತ್ತು ವರ್ಷದಿಂದ ಮನೆ ಕಟ್ಟುವ ಕೆಲಸದಲ್ಲಿದ್ದವರು. ಮೂರನೆಯವನು ಲೆಕ್ಕದ ಹುಡುಗ, ಮಾತು ಕಡಿಮೆ. ನಾಲ್ಕನೆಯವನಿಗೆ ಗೆಳೆಯರೇ ಇಟ್ಟ ಹೆಸರು ಅಂಟಣ್ಣ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಹಿನ್ನೆಲೆ

ಪ್ರಾಜೆಕ್ಟ್ ವಿಷಯ ಸರಳವಾಗಿತ್ತು: ಮಧ್ಯಕಾಲದ ಒಂದು ಕಟ್ಟಡ ಆರಿಸಿಕೊಂಡು, ಅದರ ಭಾರ ಹೇಗೆ ನೆಲಕ್ಕೆ ಇಳಿಯುತ್ತೆ ಅಂತ ಮಾದರಿ ಮಾಡಿ ತೋರಿಸಬೇಕು. ಇವರು ವಿಜಯಪುರದ ಗೋಳಗುಮ್ಮಟ ಆರಿಸಿದರು. ನಾಲ್ವರಲ್ಲಿ ಮೂವರು ಶಾಲೆಯ ಪ್ರವಾಸದಲ್ಲೇ ಅದನ್ನ ನೋಡಿದ್ದರು, ಮೇಲೆ ಹತ್ತಿ ಕೂಗಿಯೂ ಬಂದಿದ್ದರು.

ಗೋಳಗುಮ್ಮಟ ಅಂದರೆ ಮುಹಮ್ಮದ್ ಆದಿಲ್ ಶಾಹನ ಗೋರಿ. ಅವನು ಆಳಿದ್ದು 1627ರಿಂದ 1656ರವರೆಗೆ. ಅವನ ಅಪ್ಪ ಎರಡನೇ ಇಬ್ರಾಹಿಂ ಆದಿಲ್ ಶಾಹ ಅದೇ ಊರಿನ ಇಬ್ರಾಹಿಂ ರೋಜಾದಲ್ಲಿ ಮಲಗಿದ್ದಾನೆ. ಆ ರೋಜಾದ ಗೋಡೆ, ಕಿಟಕಿಗಳಲ್ಲಿರುವ ಅಕ್ಷರದ ಕೆತ್ತನೆ ನೋಡಿದವರಿಗೆ ಒಂದು ಮಾತು ಹೊಳೆಯುತ್ತೆ: ನಾಜೂಕಿನಲ್ಲಿ ಅಪ್ಪನನ್ನ ಮೀರಿಸೋದು ಮಗನಿಗೆ ಸಾಧ್ಯವಿರಲಿಲ್ಲ. ಅವನು ಗಾತ್ರದ ದಾರಿ ಹಿಡಿದ. ಗೋಳಗುಮ್ಮಟದಲ್ಲಿ ಅಲಂಕಾರ ಅನ್ನೋದು ತೀರಾ ಕಡಿಮೆ. ನಾಲ್ಕು ಗೋಡೆ, ನಾಲ್ಕು ಮೂಲೆಗೆ ಏಳು ಅಂತಸ್ತಿನ ಎಂಟು ಮೂಲೆಯ ಗೋಪುರ, ಮೇಲೊಂದು ಗುಮ್ಮಟ. ಒಳಗೆ ಕಟ್ಟೆಯ ಮೇಲೆ ಗೋರಿಯ ಗುರುತುಗಳು, ನಿಜವಾದ ಸಮಾಧಿಗಳು ಅದರ ಕೆಳಗಿನ ನೆಲಮಾಳಿಗೆಯಲ್ಲಿ. ಅಷ್ಟೇ.

ಆದರೆ ಆ ಗಾತ್ರ! ಒಳಗಿನ ಹಾಲ್ ಒಂದೊಂದು ಬದಿಗೆ 135 ಅಡಿ. 18,000 ಚದರ ಅಡಿಗಿಂತ ಜಾಸ್ತಿ ಜಾಗ, ನಡುವೆ ಒಂದೇ ಒಂದು ಕಂಬ ಇಲ್ಲ. ರೋಮ್‌ನ ಹಳೆಯ ಗುಮ್ಮಟದ ಗುಡಿ ಪ್ಯಾಂಥಿಯನ್‌ನ ಹಾಲ್ ಕೂಡ ಇಷ್ಟು ಜಾಗ ಮುಚ್ಚಿಲ್ಲ. 19ನೇ ಶತಮಾನದಲ್ಲಿ ಕಟ್ಟಡಗಳ ಚರಿತ್ರೆ ಬರೆದ ಜೇಮ್ಸ್ ಫರ್ಗ್ಯುಸನ್ ಕೊಟ್ಟ ಅಳತೆಗಳನ್ನ ಲೆಕ್ಕದ ಹುಡುಗ ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದ. ಹಾಲ್ 135 ಅಡಿ ಚೌಕ. 57 ಅಡಿ ಎತ್ತರದಲ್ಲಿ ಮೂಲೆಗಳು ಒಳಕ್ಕೆ ಬಾಗೋಕೆ ಶುರು. ಮೇಲೆ ಹೋಗುತ್ತಾ ಜಾಗ ಕಿರಿದಾಗಿ 97 ಅಡಿಯ ಒಂದು ದುಂಡು ಬಾಯಿ. 109 ಅಡಿ 6 ಇಂಚು ಎತ್ತರದಲ್ಲಿ ಒಂದು ಕಟ್ಟೆ, ಅದರ ಮೇಲೆ ಗುಮ್ಮಟ. ಗುಮ್ಮಟದ ಒಳ ಅಗಲ 124 ಅಡಿ 5 ಇಂಚು, ದಪ್ಪ ಸುಮಾರು 10 ಅಡಿ. ಒಳ ಎತ್ತರ 175, ಹೊರಗಿನಿಂದ 198.

ಈ ಸಾಲುಗಳಲ್ಲಿ ಒಂದು ಅಂಕಿ ವಿಚಿತ್ರವಾಗಿದೆ. ಅವನಿಗೆ ಅದು ಮೊದಲ ದಿನವೇ ಕಂಡಿತ್ತು. "ಸರ್, ಬಾಯಿ 97 ಅಡಿ, ಮೇಲೆ ಕೂತಿರೋ ಗುಮ್ಮಟ 124. ಮುಚ್ಚಳ ಪಾತ್ರೆಯ ಬಾಯಿಗಿಂತ ಇಷ್ಟು ದೊಡ್ಡದು ಯಾಕೆ?" ಅಂತ ಕೇಳಿದ. ನಾನು ಏನೋ ಪೇಪರ್ ತಿದ್ದುತ್ತಿದ್ದೆ. "ಪ್ರಿಂಟಿಂಗ್ ತಪ್ಪಿರಬೇಕು, ಅದನ್ನ ಬಿಡು" ಅಂದೆ. ಅವನು ಬಿಟ್ಟ. ಈ ಪ್ರಕರಣದಲ್ಲಿ ಆರು ವಾರ ಹಾಳಾಗಿದ್ದು ಆ ಒಂದು ಮಾತಿನಿಂದ.

ಮೊದಲ ಮಾದರಿ: ನಿಂತಿತು, ಅದೇ ತೊಂದರೆ

ಒಂದಕ್ಕೆ ನೂರರ ಪ್ರಮಾಣ ಇಟ್ಟುಕೊಂಡರು. ಹಾಲ್ 41 ಸೆಂಟಿಮೀಟರ್ ಚೌಕ ಆಯಿತು. ಗೋಡೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಲಗೆಗಳು, 3 ಸೆಂಟಿಮೀಟರ್ ದಪ್ಪ. ಮೂಲೆಗೆ ಥರ್ಮೋಕೋಲ್ ಕೊರೆದು ತುಂಬಿದರು. ಗುಮ್ಮಟಕ್ಕೆ ಒಂದು ದುಂಡನೆ ಪ್ಲಾಸ್ಟಿಕ್ ಬೋಗುಣಿ ಬೋರಲು ಹಾಕಿ, ಅದರ ಮೇಲೆ ಪಿಒಪಿ ಬಳಿದು ತೆಗೆದರು. ಎಲ್ಲವನ್ನೂ ಅಂಟು ಹಾಕಿ ಕೂರಿಸಿದ್ದು ನಾಲ್ಕನೆಯವನು. ಎಲ್ಲಿ ಸಂದಿ ಕಂಡರೂ ಅಂಟು. ಸಂದಿ ಕಾಣದಿದ್ದರೂ ಅಂಟು. ಅಲ್ಲಿಂದ ಅವನು ಅಂಟಣ್ಣ.

ಚೆನ್ನಾಗಿಯೇ ಕಾಣುತ್ತಿತ್ತು. ಮೊದಲ ರಿವ್ಯೂನಲ್ಲಿ ಎಲ್ಲರೂ ಮೆಚ್ಚಿದರು. ನಾನೂ ಒಳ್ಳೆ ಮಾರ್ಕ್ಸ್ ಹಾಕಿದೆ. ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಒಬ್ಬರೂ ಕೇಳಲಿಲ್ಲ.

ಕೇಳಿದ್ದು ಗೌಂಡಿ ಕಾಕಾ. ಮಗನನ್ನ ಕರೆದುಕೊಂಡು ಹೋಗೋಕೆ ಸಂಜೆ ಬಂದವರು ಮಾದರಿ ನೋಡಿದರು. ಸುತ್ತ ಒಂದು ಸಲ ಬಂದರು. ಬೆರಳಿನಿಂದ ಗುಮ್ಮಟ ತಟ್ಟಿದರು.

"ಚಲೋ ಆಗೇತ್ರಿ ಸರ. ಆದ್ರ ಇದು ಗುಮ್ಮಟ ಅಲ್ರಿ. ಬುಟ್ಟಿ ಬೋರಲ ಹಾಕೀರಿ."

ಏನು ವ್ಯತ್ಯಾಸ ಅಂತ ಕೇಳಿದೆ.

"ಬುಟ್ಟಿ ಗ್ವಾಡಿನ ನೂಕಂಗಿಲ್ರಿ. ಗುಮ್ಮಟ ನೂಕತೈತಿ. ಅಂಟ್ ಹಚ್ಚಿದ ಮ್ಯಾಲೆ ಏನ್ ಬೇಕಾದ್ದು ನಿಲ್ಲತೈತ್ರಿ, ಅದ್ರಾಗ ಏನ್ ಕಲಿಯೂದು?"

ಅಂಟಣ್ಣನಿಗೆ ಬೇಜಾರಾಯಿತು. ನನಗೂ ಸ್ವಲ್ಪ ಇರಿಸುಮುರಿಸು. ಎಂಜಿನಿಯರಿಂಗ್ ಓದಿದವನು ನಾನು. ಅವರು ಹೇಳಿದ್ದು ನಾನು ಪಾಠ ಮಾಡುವ ಸಂಗತಿಯೇ. ಕಮಾನಾಗಲಿ ಗುಮ್ಮಟವಾಗಲಿ ಕೆಳಕ್ಕೆ ಒತ್ತುವುದರ ಜೊತೆಗೆ ಹೊರಕ್ಕೂ ಒತ್ತುತ್ತೆ. ನುಣುಪು ನೆಲದ ಮೇಲೆ ಇಬ್ಬರು ಎದುರುಬದುರು ಕೈಗೆ ಕೈ ಕೊಟ್ಟು ಒರಗಿ ನಿಂತರೆ ಕಾಲು ಹಿಂದಕ್ಕೆ ಜಾರುತ್ತಲ್ಲ, ಅದೇ. ಬೋರ್ಡ್ ಮೇಲೆ ಬಾಣದ ಗುರುತು ಹಾಕಿ ಎಷ್ಟು ವರ್ಷದಿಂದ ಹೇಳಿದ್ದೇನೆ. ನನ್ನ ಕಣ್ಣೆದುರಿನ ಮಾದರಿಯಲ್ಲಿ ಆ ಬಾಣ ಇಲ್ಲ ಅನ್ನೋದು ಮಾತ್ರ ಹೊಳೆದಿರಲಿಲ್ಲ.

ಆವತ್ತು ತಂಡಕ್ಕೆ ಎರಡು ದಾರಿ ಇತ್ತು. ಇದ್ದದ್ದಕ್ಕೆ ಬಣ್ಣ ಬಳಿದು ಮುಗಿಸಬಹುದಿತ್ತು, ಮಾರ್ಕ್ಸ್ ಆಗಲೇ ಬಂದಿತ್ತು. ಲೀಡರ್ ಒಂದು ರಾತ್ರಿ ಟೈಮ್ ಕೇಳಿದಳು. ಬೆಳಗ್ಗೆ ಬಂದು "ಅಂಟಿಲ್ಲದೆ ಮಾಡ್ತೀವಿ ಸರ್" ಅಂದಳು.

ಎರಡನೇ ಮಾದರಿ: ಕಿತ್ತಳೆ ತೊಳೆ

ಗುಮ್ಮಟವನ್ನ ಕಿತ್ತಳೆ ಹಣ್ಣಿನ ಹಾಗೆ 16 ತೊಳೆ ಮಾಡೋಣ ಅನ್ನೋದು ಲೆಕ್ಕದ ಹುಡುಗನ ಐಡಿಯಾ. ಒಂದೇ ಅಚ್ಚು, 16 ಸಲ ಎರಕ. ಒಂದೊಂದು ತೊಳೆ ಸುಮಾರು ಅರ್ಧ ಕಿಲೋ. ಕೆಳಗೆ ಥರ್ಮೋಕೋಲ್ ಗುಡ್ಡೆ ಇಟ್ಟು, ತೊಳೆಗಳನ್ನ ಒಂದಕ್ಕೊಂದು ಒರಗಿಸಿ ನಿಲ್ಲಿಸುವುದು. ಆಮೇಲೆ ಗುಡ್ಡೆಯನ್ನ ಮೆಲ್ಲಗೆ ಕೆಳಕ್ಕೆ ಇಳಿಸುವುದು. ಗೋಡೆಗಳೂ ಅಂಟಿಲ್ಲದೆ ನಿಂತಿದ್ದವು. ಮೂಲೆಗಳಿಗೆ ಮೂರು ಮೂಲೆಯ ಬಿಡಿ ಹಲಗೆ.

ಗುಡ್ಡೆ ಅರ್ಧ ಇಂಚು ಇಳಿದಿರಬೇಕು. ಪೂರ್ವದ ಗೋಡೆ ನಡುವೆ ಹೊರಕ್ಕೆ ವಾಲಿತು. ಮೂಲೆಯಲ್ಲಿ ಬಿರುಕು ಬಾಯಿ ಬಿಟ್ಟಿತು. ಕ್ಷಣದಲ್ಲಿ 16 ತೊಳೆಯೂ ಒಳಗೆ. ಲ್ಯಾಬ್ ತುಂಬ ಬಿಳಿ ಧೂಳು. ಗೌಂಡಿಯ ಮಗ ನಗುತ್ತಾ ಅಪ್ಪನಿಗೆ ಫೋನ್ ಮಾಡಿ "ನೂಕ್ತಪಾ" ಅಂದ.

ಇನ್ನು ಮುಂದಿನ ಮೂರು ವಾರ ಗೋಡೆ ಹಿಡಿದು ನಿಲ್ಲಿಸುವ ಸರ್ಕಸ್. ಮೊದಲು ಗೋಡೆ ದಪ್ಪ ಮಾಡಿದರು. ದುಪ್ಪಟ್ಟು ಮಾಡಿದಾಗ ನಿಂತಿತು, ಆದರೆ ಆ ದಪ್ಪ ಗೋಳಗುಮ್ಮಟದ್ದಲ್ಲ. ಆಮೇಲೆ ನಾಲ್ಕು ಮೂಲೆಯ ಗೋಪುರಗಳ ಮೇಲೆ ನಂಬಿಕೆ ಇಟ್ಟರು. ಬಹಳ ಜನ ಹೀಗೇ ತಿಳಿದಿರುತ್ತಾರೆ, ಗೋಪುರಗಳೇ ಒತ್ತು ಕೊಡುತ್ತವೆ ಅಂತ. ಮೂಲೆಗಳು ಗಟ್ಟಿಯಾದವು ನಿಜ. ಗೋಡೆ ಹೊರಕ್ಕೆ ವಾಲುತ್ತಿದ್ದದ್ದು ಮೂಲೆಯಲ್ಲಲ್ಲ, ನಡುವೆ. ಅಲ್ಲಿಗೆ ಗೋಪುರದಿಂದ ಏನೂ ಉಪಯೋಗ ಆಗಲಿಲ್ಲ.

ಕೊನೆಗೆ ಅಂಟಣ್ಣ ಸೈಕಲ್ ಟ್ಯೂಬ್ ಕತ್ತರಿಸಿ ಗುಮ್ಮಟದ ಬುಡಕ್ಕೆ ಸೊಂಟಪಟ್ಟಿ ಹಾಗೆ ಬಿಗಿದ. ನಿಂತಿತು! ಬಂಡೆ ಹಾಗೆ ನಿಂತಿತು. ನಾನು ಖುಷಿಯಾಗಿ ಇದನ್ನೇ ಬರೆದುಬಿಡಿ ಅಂದೆ. ಇದು ನನ್ನ ಎರಡನೇ ತಪ್ಪು.

ಲೀಡರ್ ಒಪ್ಪಲಿಲ್ಲ. "ಸರ್, ಇದು ನಮ್ಮ ಉತ್ತರ. ಅವರ ಉತ್ತರ ಏನು ಅಂತ ಇನ್ನೂ ಗೊತ್ತಾಗಿಲ್ಲ." ಗೈಡ್‌ಗೆ ಎದುರು ಹೇಳೋದು ಆ ವಯಸ್ಸಿಗೆ ಸುಲಭ ಅಲ್ಲ. ಆ ಮಾತಿನ ಮೇಲೆ ಒಂದು ಭಾನುವಾರ ಬೆಳಗಿನ ಬಸ್ಸಿಗೆ ಐದೂ ಜನ ವಿಜಯಪುರಕ್ಕೆ ಹೊರಟೆವು. ಮಾದರಿ ಎರಡು ಸಲ ಕಟ್ಟಿದ ಮೇಲೆ ಕಟ್ಟಡ ನೋಡೋಕೆ ಹೊರಟಿದ್ದು ಅಂತ ಈಗ ಬರೆಯುವಾಗ ನಗು ಬರುತ್ತೆ.

ಗ್ಯಾಲರಿಯಲ್ಲಿ ನಿಂತಾಗ

ಗೋಪುರದ ಮೆಟ್ಟಿಲು ಕಡಿದು, ಕಿರಿದು. ಮೇಲೆ ಹೋಗಿ ಗುಮ್ಮಟದ ಬುಡದ ಬಾಗಿಲಿನಲ್ಲಿ ಒಳಗೆ ಹೊಕ್ಕರೆ ಗ್ಯಾಲರಿ. ಪಿಸುಮಾತು ಆ ಕಡೆಗೆ ಕೇಳುತ್ತೆ, ಒಂದು ಚಪ್ಪಾಳೆ ಏಳು ಸಲ ಮರಳಿ ಬರುತ್ತೆ ಅಂತ ಜನ ಬರೋದೇ ಇದಕ್ಕೆ. ಆವತ್ತೂ ಯಾವುದೋ ಶಾಲೆಯ ಮಕ್ಕಳು ಕಿರುಚುತ್ತಿದ್ದರು. ನಮ್ಮ ಹುಡುಗರೂ ಸುಮ್ಮನಿರಲಿಲ್ಲ ಬಿಡಿ, ಹತ್ತು ನಿಮಿಷ ಕೂಗಿದರು.

ಲೀಡರ್ ಮಾತ್ರ ಒಳಗಿನ ತಡೆಗೋಡೆ ಹತ್ತಿರ ನಿಂತು ಕೆಳಗೆ ನೋಡುತ್ತಿದ್ದಳು. ನೂರಡಿಗಿಂತ ಕೆಳಗೆ ಗೋರಿಯ ಕಟ್ಟೆ, ಇರುವೆ ಹಾಗೆ ಜನ. ಸ್ವಲ್ಪ ಹೊತ್ತಿಗೆ ಕೈಸನ್ನೆ ಮಾಡಿ ನನ್ನನ್ನ ಕರೆದಳು.

"ಸರ್, ನಾವು ನಿಂತಿರೋದು ಯಾವುದರ ಮೇಲೆ?"

"ಗ್ಯಾಲರಿ ಮೇಲೆ."

"ಗ್ಯಾಲರಿ ಕೆಳಗೆ ಏನಿದೆ? ಗೋಡೆ ಎಲ್ಲಿದೆ?"

ಆಗ ನನಗೂ ಕಾಲಡಿ ಸ್ವಲ್ಪ ಜುಮ್ ಅಂತು. ಗೋಡೆ ನಮ್ಮ ಬೆನ್ನ ಹಿಂದಿತ್ತು. ನಮ್ಮ ಕಾಲ ಕೆಳಗೆ ಗೋಡೆ ಇರಲಿಲ್ಲ. ಅಷ್ಟು ಅಗಲದ, ಗಾಡಿ ಓಡಿಸಬಹುದಾದ ಒಂದು ಕಲ್ಲಿನ ಉಂಗುರ ಹಾಲಿನ ಒಳಕ್ಕೆ ಚಾಚಿಕೊಂಡು ನಿಂತಿದೆ. ಅದರ ಮೇಲೆ ದಿನಾ ಸಾವಿರಾರು ಜನ ಓಡಾಡಿ, ಚಪ್ಪಾಳೆ ತಟ್ಟಿ ಇಳಿದು ಹೋಗುತ್ತಾರೆ.

ಲೆಕ್ಕದ ಹುಡುಗ ನೋಟ್‌ಬುಕ್ ತೆಗೆದ. ಮೊದಲ ಪುಟ. 124ರಲ್ಲಿ 97 ಕಳೆದರೆ 27. ಎರಡೂ ಕಡೆ ಹಂಚಿದರೆ 13 ಅಡಿ ಚಿಲ್ಲರೆ. "ಪ್ರಿಂಟಿಂಗ್ ತಪ್ಪಲ್ಲ ಸರ್" ಅಂದ. ದನಿಯಲ್ಲಿ ಸಿಟ್ಟೇನಿರಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಕೆಳಗೆ ಇಳಿದು ಬಂದು ಗೋಡೆಗೆ ಬೆನ್ನು ಕೊಟ್ಟು ಮೇಲೆ ನೋಡಿದೆವು. ಅಲ್ಲಿಂದ ಗುಮ್ಮಟದ ಬುಡ ಕಾಣೋದೇ ಇಲ್ಲ. ಗ್ಯಾಲರಿಯ ಅಂಚು ಅದನ್ನ ಮರೆ ಮಾಡುತ್ತೆ. ನಾವು ಹೊರಗಿನ ಫೋಟೋ ನೋಡಿ ಮಾದರಿ ಮಾಡಿದ್ದೆವು. ಹೊರಗಿನಿಂದ ಕಾಣೋದು ಒಂದು ಪೆಟ್ಟಿಗೆ, ಅದರ ಮೇಲೊಂದು ಗುಮ್ಮಟ. ಇವೆರಡರ ನಡುವೆ ಒಳಗೆ ಇಷ್ಟು ದೊಡ್ಡ ಕೆಲಸ ಅಡಗಿದೆ ಅಂತ ಹೊರಗೆ ನಿಂತವನಿಗೆ ತಿಳಿಯೋಕೆ ದಾರಿಯೇ ಇಲ್ಲ.

ಆ ಉಂಗುರವನ್ನ ಹೊತ್ತಿರೋದು ಎಂಟು ಕಮಾನು. ಎರಡು ಚೌಕಗಳನ್ನ ಒಂದರ ಮೇಲೊಂದು ತಿರುಚಿ ಇಟ್ಟರೆ ಎಂಟು ಮೂಲೆಯ ನಕ್ಷತ್ರ ಆಗುತ್ತಲ್ಲ, ಆ ನಕ್ಷತ್ರದ ಗೆರೆಗಳ ಮೇಲೆ ಕಮಾನುಗಳು ಎದ್ದು, ಒಂದನ್ನೊಂದು ದಾಟಿ, ಹೆಣೆದುಕೊಂಡಿವೆ. ಹೆಣಿಗೆಯ ನಡುವೆ ಉಳಿಯುವ ಎಂಟು ಮೂಲೆಯ ಬಾಯಿಯೇ ಮೇಲೆ ದುಂಡಾಗುತ್ತೆ. ಆದರೆ 57 ಅಡಿಯಿಂದ ಮೇಲಿನ ಆ ಕೆಲಸವನ್ನ ಕೆಳಗೆ ನಿಂತು ನೋಡಿದರೆ ಕತ್ತು ನೋಯುತ್ತೆ, ತಲೆಗೆ ಹೋಗಲ್ಲ. ಗೌಂಡಿಯ ಮಗ ಒಳ್ಳೆ ಮಾತು ಹೇಳಿದ: ಇದೇ ಕೆಲಸ ಸಣ್ಣದಾಗಿ ಎಲ್ಲಾದರೂ ಇದ್ದರೆ ಅದನ್ನ ನೋಡೋಣ. ಇತ್ತು. ಅದೇ ಊರಿನ ಜಾಮಿಯಾ ಮಸೀದಿ, 1576ರ ಸುಮಾರಿಗೆ ಮೊದಲನೇ ಅಲಿ ಆದಿಲ್ ಶಾಹನ ಕಾಲದಲ್ಲಿ ಶುರುವಾದದ್ದು. ಅಲ್ಲಿ 70 ಅಡಿ ಚೌಕವನ್ನ ಹೀಗೇ ಹೆಣೆದ ಕಮಾನುಗಳಿಂದ ಕಿರಿದು ಮಾಡಿ 57 ಅಡಿಯ ಗುಮ್ಮಟ ಕೂರಿಸಿದ್ದಾರೆ. ಕೆಲಸಗಾರರ ಕೈ ಅಲ್ಲೇ ಪಳಗಿದ್ದು. ಗೋಳಗುಮ್ಮಟ ಕಟ್ಟಿದವರು ಹೊಸದನ್ನ ಕಂಡುಹಿಡಿಯಲಿಲ್ಲ. ಊರಿನಲ್ಲಿ ಮೂರು ತಲೆಮಾರಿನಿಂದ ಇದ್ದ ವಿದ್ಯೆಯನ್ನ ಎರಡು ಪಟ್ಟು ದೊಡ್ಡದು ಮಾಡಿದರು. ಧೈರ್ಯ ಇದ್ದದ್ದು ಅಲ್ಲಿ. ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ಒಳಗೆ ಕೂತು, ಲೀಡರ್ ಒಂದೂವರೆ ತಾಸು ಸ್ಕೆಚ್ ಮಾಡಿದಳು.

ಊರಿಗೆ ಮರಳುವ ಮೊದಲು ಬಾರಾ ಕಮಾನ್‌ಗೂ ಹೋದೆವು. ಮುಹಮ್ಮದನ ಮಗ ಎರಡನೇ ಅಲಿಯ ಮುಗಿಯದ ಗೋರಿ ಅದು. ಮೇಲೆ ಗುಮ್ಮಟ ಇಲ್ಲ, ಕಪ್ಪು ಕಲ್ಲಿನ ಕಮಾನುಗಳು ಆಕಾಶಕ್ಕೆ ನಿಂತಿವೆ. ಗಿಲಾವು ಇಲ್ಲದೆ ಕಮಾನು ಹೇಗಿರುತ್ತೆ ಅಂತ ನೋಡಬೇಕಿದ್ದರೆ ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ವರಾಂಡದಲ್ಲಿ ಹಗ್ಗ, ಸೀಮೆಸುಣ್ಣ

ಸೋಮವಾರ ಕಾಲೇಜಿನ ವರಾಂಡದ ನೆಲದ ಮೇಲೆ ಹಗ್ಗ ಹಿಡಿದು ನಕಾಶೆ ಬರೆದರು. ಕಂಪ್ಯೂಟರ್‌ನಲ್ಲಿ ಬರೆಯಬಹುದಿತ್ತು. ಕೈಯಲ್ಲಿ ಬರೆದಿದ್ದಕ್ಕೇ ಒಂದು ತಪ್ಪು ಬೇಗ ಸಿಕ್ಕಿತು.

ಮೊದಲು ಹಾಲಿನ ಚೌಕವನ್ನೇ ಒಂದು ಚೌಕ ಅಂತ ಹಿಡಿದು, ಇನ್ನೊಂದನ್ನ ಅದರೊಳಗೆ ಗಾಳಿಪಟದ ಹಾಗೆ ತಿರುಗಿಸಿ ಇಟ್ಟರು. ನೋಡೋಕೆ ಚಂದ. ಗೌಂಡಿಯ ಮಗ ಅದರ ಮೇಲೆ ನಿಂತು, "ಈ ನಾಲ್ಕು ಕಮಾನು ಗೋಡೆಯೊಳಗೇ ಹೋದ್ವಲ್ಲ, ಇವುಗಳಿಂದ ಏನು ಉಪಯೋಗ?" ಅಂದ. ಸರಿ, ಅಳಿಸಿದರು. ಒಂದೊಂದು ಗೋಡೆಯ ಮೇಲೆ ಎರಡೆರಡು ಗುರುತು ಹಾಕಿದರು, ಒಟ್ಟು ಎಂಟು. ಮೂಲೆಯಿಂದ 12 ಸೆಂಟಿಮೀಟರ್, ನಡುವೆ 17, ಮತ್ತೆ 12 ಅನ್ನುವ ಪ್ರಮಾಣ. ಒಂದು ಬಿಟ್ಟು ಒಂದು ಗುರುತನ್ನ ಸೇರಿಸುತ್ತಾ ಹೋದಾಗ ಎರಡು ಓರೆ ಚೌಕ ಬಂದವು. ಈಗ ಒಂದು ಕಮಾನೂ ಗೋಡೆಗೆ ಅಂಟಿಲ್ಲ. ಪ್ರತಿಯೊಂದೂ ಒಂದು ಗೋಡೆಯಿಂದ ಪಕ್ಕದ ಗೋಡೆಗೆ ಓರೆಯಾಗಿ ದಾಟುತ್ತೆ, ದಾರಿಯಲ್ಲಿ ಬೇರೆ ಕಮಾನುಗಳನ್ನ ಹಾಯುತ್ತೆ.

ನಡುವಿನ ಬಾಯಿಗೆ ಹಗ್ಗ ಇಟ್ಟು ಅಳೆದಾಗ, ನಿಜವಾದ ಅಳತೆಗೆ ತಂದರೆ 103 ಅಡಿ ಚಿಲ್ಲರೆ ಬಂತು. ಪುಸ್ತಕದಲ್ಲಿ 97. ಸೀಮೆಸುಣ್ಣದ ಗೆರೆಗೆ ದಪ್ಪ ಇಲ್ಲ, ಕಮಾನಿಗೆ ಇದೆ. ಅಂಚು ಇನ್ನಷ್ಟು ಒಳಗೆ ಬರುತ್ತೆ. ಲೆಕ್ಕದ ಹುಡುಗ ಆವತ್ತು ಕ್ಯಾಂಟೀನ್‌ನಲ್ಲಿ ಎಲ್ಲರಿಗೂ ಚಹಾ ಕೊಡಿಸಿದ.

ಮೂರನೇ ಮಾದರಿ

ಕಮಾನುಗಳು ಹಾಯುವ ಜಾಗದ ತುಂಡುಗಳು ತಲೆನೋವಾದವು. ಒಂದೇ ತುಂಡು ಎರಡು ಕಮಾನಿಗೂ ಸೇರಬೇಕು. ಅದಕ್ಕೆ ಬೇರೆ ಅಚ್ಚು ಮಾಡಿದರು, ಅದರಲ್ಲಿ ಅರ್ಧಕ್ಕರ್ಧ ಒಡೆದವು. ಕೆಳಗೆ ಥರ್ಮೋಕೋಲ್ ಸೆಂಟ್ರಿಂಗ್, ಅಂದರೆ ಕಟ್ಟುವಾಗ ಕಮಾನು ಹೊರುವ ಆಸರೆ. ಅಂಟಿಲ್ಲ.

ಮೊದಲ ಸಲ ಸೆಂಟ್ರಿಂಗ್ ತೆಗೆದಾಗ ಕಮಾನುಗಳು ಸೊಂಟದಲ್ಲಿ ಉಬ್ಬಿ ಕುಸಿದವು. ಕಾಕಾ ಬಂದರು. ನೋಡಿದ ಕೂಡಲೇ ಬೈದರು. "ಹಿಂದ ತುಂಬದ ಮಾಡಿಕೊಂಡು ಸೆಂಟ್ರಿಂಗ್ ಬಿಚ್ಚತಾರೇನ್ ತಮ್ಮಾ? ಮೊದಲ ಕಮಾನಿನ ಬೆನ್ನ ಹಿಂದ ಗಚ್ಚ ತುಂಬ್ರಿ. ಆಮ್ಯಾಲೆ ಬಿಚ್ರಿ." ಕಮಾನಿನ ಬೆನ್ನಿಗೂ ಗೋಡೆಗೂ ನಡುವಿನ ಜಾಗಕ್ಕೆ ಇಟ್ಟಿಗೆ ಚೂರು, ಮರಳು ತುಂಬಿ ಒತ್ತಿದರು. ಸೆಂಟ್ರಿಂಗ್ ಇಳಿಯಿತು. ಉಂಗುರ ನಿಂತಿತು.

ಇಲ್ಲಿ ನಡೆದದ್ದನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು. ಗುಮ್ಮಟ ಇನ್ನೂ ಇಟ್ಟಿರಲಿಲ್ಲ. ಕಾಕಾ ತಮ್ಮ ಚೀಲದಿಂದ ಕಾಟಕೋನ (ಗೋಡೆ ನೆಟ್ಟಗಿದೆಯಾ ಅಂತ ನೋಡುವ ಎಲ್ ಆಕಾರದ ಪಟ್ಟಿ) ತೆಗೆದು ಗೋಡೆಯ ಹೊರಮೈಗೆ ಹಿಡಿದರು. ಬುಡದಲ್ಲಿ ಸರಿಯಾಗಿ ತಾಗಿತ್ತು. ತುದಿಯಲ್ಲಿ ಕಾಟಕೋನಕ್ಕೂ ಗೋಡೆಗೂ ನಡುವೆ ಒಂದು ಪೋಸ್ಟ್‌ಕಾರ್ಡ್ ಹೊಕ್ಕಿತು. ಎರಡು ಮಡಿಚಿದರೂ ಹೊಕ್ಕಿತು. ಅಂದರೆ ಗೋಡೆ ಒಳಕ್ಕೆ ವಾಲಿತ್ತು! ಎರಡನೇ ಮಾದರಿಯಲ್ಲಿ ಹೊರಕ್ಕೆ ಬಿದ್ದ ಅದೇ ಗೋಡೆ. ನಾಲ್ಕೂ ಕಡೆ ಹೀಗೇ.

ಆಮೇಲೆ 16 ತೊಳೆ. ಬಾಯಿಯ ಅಂಚಿನ ಮೇಲಲ್ಲ, ಅಂಚಿನಿಂದ 4 ಸೆಂಟಿಮೀಟರ್ ಹಿಂದೆ. ಮುಂದೆ ಉಳಿದ ಆ 4 ಸೆಂಟಿಮೀಟರ್‌ನ ಕಟ್ಟೆಯೇ ನಮ್ಮ ಪಿಸುಮಾತಿನ ಗ್ಯಾಲರಿ. ಗುಡ್ಡೆಯನ್ನ ಮೆಲ್ಲಗೆ ಇಳಿಸಿದರು. ಒಂದು ಇಂಚು. ಎರಡು. ಯಾರೂ ಉಸಿರಾಡುತ್ತಿರಲಿಲ್ಲ. ಗುಡ್ಡೆ ಪೂರ್ತಿ ಕೆಳಗೆ ಬಂತು, ಗುಮ್ಮಟ ಮೇಲೆಯೇ ಉಳಿಯಿತು.

ಕಾಕಾ ಮತ್ತೆ ಕಾಟಕೋನ ಹಿಡಿದರು. ಈಗ ಪೋಸ್ಟ್‌ಕಾರ್ಡ್ ಹೊಗಲಿಲ್ಲ.

ಇದೇ ಅವರ ಉತ್ತರ. ಗುಮ್ಮಟ ಹೊರಕ್ಕೆ ನೂಕುತ್ತೆ. ಒಳಕ್ಕೆ ಚಾಚಿದ ಕಮಾನು-ಗ್ಯಾಲರಿಯ ಭಾರ ಒಳಕ್ಕೆ ಎಳೆಯುತ್ತೆ. ಎರಡೂ ಗೋಡೆಯ ತಲೆಯ ಮೇಲೆ ಸೇರುತ್ತವೆ, ಗೋಡೆಗೆ ಉಳಿಯೋದು ನೇರ ಕೆಳಗಿನ ಭಾರ. ತಕ್ಕಡಿಯ ಎರಡು ತಟ್ಟೆ ಅಂದುಕೊಳ್ಳಿ. ಫರ್ಗ್ಯುಸನ್ ಕೂಡ ಇದನ್ನೇ ಬರೆದು, ಬೇರೆ ಕಡೆಯ ಗುಮ್ಮಟಗಳಿಗೆ ಹೋಲಿಸಿ ಮೆಚ್ಚಿಕೊಂಡಿದ್ದಾನೆ. ನಾವು ಅದನ್ನ ಮೊದಲೇ ಓದಿದ್ದೆವು. ಓದಿದ ಪುಟದಲ್ಲೇ ಆ 97 ಇತ್ತು.

ಪಿಸುಮಾತು ಕೇಳಿಸಲಿ ಅಂತ ಯಾರೂ ಆ ಗ್ಯಾಲರಿ ಕಟ್ಟಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಭಾರಕ್ಕೆ ಕಟ್ಟಿದ್ದು. ಮಾತು ಸುತ್ತು ಹೊಡೆದು ಬರೋದು ದುಂಡು ಗೋಡೆಯ ಪುಣ್ಯ, ಕೊಸರು ಸಿಕ್ಕ ಹಾಗೆ.

ಏನಾಯಿತು

ಮಾದರಿ ಒಂಬತ್ತು ದಿನ ನಿಂತಿತ್ತು. ಹತ್ತನೇ ದಿನ ವೈವಾ. ಪರೀಕ್ಷೆಯ ಹಾಲ್ ಕೆಳಗಿನ ಮಹಡಿಯಲ್ಲಿ ಅಂತ ಆವತ್ತು ಬೆಳಗ್ಗೆ ತಿಳಿಯಿತು. ಅಂಟಿಲ್ಲದ ಗುಮ್ಮಟವನ್ನ ಮೆಟ್ಟಿಲಿಳಿಸಿ ಒಯ್ಯೋದು ಹೇಗೆ? ಈ ಪ್ರಶ್ನೆ ಮೂರು ತಿಂಗಳಲ್ಲಿ ಐದು ಜನರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಟೇಬಲ್ ಎತ್ತಿದ ಕೂಡಲೇ ಎಲ್ಲ ಒಳಗೆ.

ಮೊದಲ ಮಾದರಿ, ಅಂಟಿನದು, ಅಲ್ಲೇ ಕಪಾಟಿನ ಮೇಲೆ ಕೂತಿತ್ತು. ಅದನ್ನ ಒಯ್ದರೆ ಸಾಕು ಅಂತ ಅಂಟಣ್ಣ ಅಂದ. ಮತ ಹಾಕಿದರು. ಮೂರಕ್ಕೆ ಒಂದು. ತುಂಡುಗಳನ್ನ ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ, ಹೊರಗಿನಿಂದ ಬಂದ ಪರೀಕ್ಷಕರ ಎದುರೇ ಕಟ್ಟೋಕೆ ಕೂತರು. ಎರಡು ತಾಸಿನಲ್ಲಿ ಉಂಗುರ ನಿಂತಿತು. ಗುಮ್ಮಟಕ್ಕೆ ಟೈಮ್ ಸಿಗಲಿಲ್ಲ, ಒಂಬತ್ತು ತೊಳೆ ಕೂರಿಸುವಷ್ಟರಲ್ಲಿ ಮುಂದಿನ ತಂಡವನ್ನ ಕರೆದರು. ಪರೀಕ್ಷಕರು ಕಾಟಕೋನದ ಆಟ ಮಾತ್ರ ಎರಡು ಸಲ ಮಾಡಿಸಿ ನೋಡಿದರು. ಉಳಿದದ್ದಕ್ಕೆ ಮೊಬೈಲ್ ವಿಡಿಯೋ ತೋರಿಸಿದರು. ಮಾರ್ಕ್ಸ್ ಸಾಧಾರಣ ಬಂತು. ಪಕ್ಕದ ತಂಡದ ಬಣ್ಣ ಬಳಿದ ತಾಜ್ ಮಹಲಿಗೆ ಇವರಿಗಿಂತ ಜಾಸ್ತಿ. ಅದು ಪೂರ್ತಿ ಅಂಟಿನದು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಇಂಥ ಪ್ರಾಜೆಕ್ಟ್ ಮಾಡಿಸುವವರಿಗೆ

ಹೊಂದದ ಅಂಕಿ ಸಿಕ್ಕರೆ ಅದನ್ನ ಗೋಡೆಗೆ ಬರೆದು ಅಂಟಿಸಿ. ನಾನು ಈಗ ಹಾಗೇ ಮಾಡುತ್ತೇನೆ. ಉತ್ತರ ಸಿಗುವವರೆಗೆ ಅಲ್ಲೇ ಇರುತ್ತೆ. ಪ್ರಿಂಟಿಂಗ್ ತಪ್ಪು ಅಂತ ಹೇಳೋಕೆ ಮೊದಲು ಇನ್ನೊಂದು ಪುಸ್ತಕ ತೆಗೆದು ನೋಡುತ್ತೇನೆ.

ಕಲ್ಲು-ಇಟ್ಟಿಗೆಯ ಕಟ್ಟಡದ ಮಾದರಿಗೆ ಒಂದು ದೊಡ್ಡ ಅನುಕೂಲ ಇದೆ. ಅದು ನಿಲ್ಲೋದು ಬೀಳೋದು ಹೆಚ್ಚಾಗಿ ಆಕಾರದ ಮೇಲೆ, ಗಾತ್ರದ ಮೇಲಲ್ಲ. ಹಾಗಾಗಿ ಬಿಡಿ ತುಂಡುಗಳ 60 ಸೆಂಟಿಮೀಟರ್ ಮಾದರಿ 60 ಮೀಟರ್ ಕಟ್ಟಡದ ಬಗ್ಗೆ ನಿಜ ಹೇಳುತ್ತೆ. ಅಂಟು ಹಾಕಿದರೆ ಆ ಅನುಕೂಲ ಹೋಯಿತು. ಇನ್ನು ನಿಲ್ಲಿಸುವ ಉಪಾಯ ಸಿಕ್ಕ ಕೂಡಲೇ ನಿಲ್ಲಿಸಬೇಡಿ. ಸೈಕಲ್ ಟ್ಯೂಬ್ ಸರಿಯಾದ ಉತ್ತರವೇ ಆಗಿತ್ತು, ಬೇರೆ ಪ್ರಶ್ನೆಗೆ. ಮತ್ತೆ ಕಟ್ಟಡ ಹತ್ತಿರ ಇದ್ದರೆ ಮೊದಲ ವಾರವೇ ಹೋಗಿ ಬನ್ನಿ. ಮಹಡಿ ಯಾವುದು ಅಂತಲೂ ಮೊದಲೇ ಕೇಳಿಕೊಳ್ಳಿ.

ಒಂದು ಜಗಳ ಮಾತ್ರ ಹಾಗೇ ಉಳಿಯಿತು. ಪುರಾತತ್ವ ಇಲಾಖೆಯಲ್ಲಿದ್ದ ಹೆನ್ರಿ ಕಸೆನ್ಸ್ 20ನೇ ಶತಮಾನದ ಶುರುವಿನಲ್ಲಿ ಬಿಜಾಪುರದ ಕಟ್ಟಡಗಳನ್ನ ಅಳೆದು ಬರೆದ. ಗುಮ್ಮಟ ಮಟ್ಟಸವಾದ ಇಟ್ಟಿಗೆ ಸಾಲುಗಳಲ್ಲಿ ಕಟ್ಟಿದ್ದು, ಸಾಲುಗಳ ನಡುವೆ ದಪ್ಪ ಸುಣ್ಣದ ಗಚ್ಚು, ಇಡೀ ಗುಮ್ಮಟ ಒಂದೇ ಗಟ್ಟಿ ಚಿಪ್ಪಿನ ಹಾಗೆ ಅನ್ನೋದು ಅವನ ಮಾತು. ಒಂದೇ ಚಿಪ್ಪಾದರೆ ಅಷ್ಟು ನೂಕೋದಿಲ್ಲ. ಲೈಬ್ರರಿಗೆ ಕೊಡುವ ಪ್ರತಿ ತಿದ್ದುವಾಗ ಅಂಟಣ್ಣ ಆ ಪುಟ ಹಿಡಿದು ಬಂದ. ಮುಖದಲ್ಲಿ ಗೆದ್ದ ಕಳೆ. "ನೋಡಿ ಸರ್, ಅವರೂ ಅಂಟೇ ಹಾಕಿದ್ದು. ನನ್ನ ಮೊದಲ ಮಾದರಿ ಸರಿ ಇತ್ತು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಕಾ ಮಗನ ಸರ್ಟಿಫಿಕೇಟ್‌ಗೆ ಅಂತ ಬಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು.

"ಖರೇ ಐತಿ ತಮ್ಮಾ. ಆದ್ರ ನಿನ್ನ ಅಂಟ್ ಹತ್ತ ನಿಮಿಷಕ್ಕ ಒಣಗೇತಿ. ಸುಣ್ಣದ ಗಚ್ಚ ಗಟ್ಟಿ ಆಗಾಕ ವರ್ಷಗಟ್ಲೆ ಬೇಕು. ಅಲ್ಲೀತನಕ ಆ ಗುಮ್ಮಟ ಯಾರು ಹಿಡಕೊಂಡು ನಿಂತಿದ್ರು?"

ಅಂಟಣ್ಣ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ರಿಪೋರ್ಟ್‌ನ ಕೊನೆ ಪುಟದಲ್ಲಿ ಆ ಮಾತನ್ನ ಕೇಳಿದ ಹಾಗೇ ಬರೆದ. ಕಾಗುಣಿತ ತಿದ್ದಬೇಡಿ ಸರ್ ಅಂದ.